ಜಾಡಿಗೆ ಜಾಗ ಎಲ್ಲಿ?

ಹೈದರಾಬಾದಿನ ಕೊಂಡಾಪುರ, ನಲ್ಲಗಂಡ್ಲ ಕಡೆಯ ಹೊಸ ಅಪಾರ್ಟ್‌ಮೆಂಟುಗಳ ಬ್ರೋಷರಿನಲ್ಲಿ ಅಡುಗೆಮನೆಯ ಚಿತ್ರ ತಪ್ಪದೆ ಇರುತ್ತದೆ. ಬೆಳ್ಳನೆಯ ಕಟ್ಟೆ, ಅದರ ಮೇಲೆ ಮೂರು ಹಸಿರು ಸೇಬು, ಒಂದು ಹೂದಾನಿ. ಕುಕ್ಕರಿಲ್ಲ, ಒಗ್ಗರಣೆ ಸೌಟಿಲ್ಲ, ಸಿಂಕಿನಲ್ಲಿ ನೆನೆಹಾಕಿದ ಹಾಲಿನ ಪಾತ್ರೆಯಂತೂ ಇಲ್ಲವೇ ಇಲ್ಲ. ಸೇಬು ತಿಂದೇ ಜೀವ ಹಿಡಿದವರಿಗೆ ಮಾತ್ರ ಒಗ್ಗುವ ಅಡುಗೆಮನೆ. ಆದರೂ ಎಲ್ಲರೂ ಅದನ್ನೇ ಮಾಡಿಸುತ್ತಾರೆ.

ಇದರ ಮೂಲ ಹುಡುಕಿದರೆ ಸಿಗುವವರು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಸಾಲುಮನೆಗಳಿಗೆಂದು, ರೈಲಿನ ಊಟದ ಬೋಗಿಯನ್ನು ಮಾದರಿಯಾಗಿಟ್ಟುಕೊಂಡು, ಹೆಜ್ಜೆ ಹೆಜ್ಜೆಯ ಲೆಕ್ಕ ಹಾಕಿ ಅವರು ಕೂಡಿಸಿದ್ದು ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕೋಣೆ. ಅಕ್ಕಿ ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು. ಹಿಟ್ಟಿಗೆ ಹುಳ ಹತ್ತದಿರಲೆಂದು ಓಕ್ ಮರದ ಡ್ರಾಯರು. ಇಷ್ಟೆಲ್ಲ ಮಾಡುವ ಮೊದಲು ತಾವು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಅವರು ಮುಂದೆ ನಿಸ್ಸಂಕೋಚವಾಗಿ ಒಪ್ಪಿಕೊಂಡರು. ಇಂದಿನ ಡಿಸೈನರುಗಳೂ ಆ ಪರಂಪರೆಯನ್ನು ಉಳಿಸಿಕೊಂಡಿದ್ದಾರೆ. ಒಪ್ಪಿಕೊಳ್ಳುವುದಿಲ್ಲ, ಅಷ್ಟೇ.

ಕಾಚಿಗುಡದ ಹಳೆಯ ಕನ್ನಡ ಮನೆಗಳ ಕಥೆ ಬೇರೆ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಮೈಸೂರಿಗೆ ಹೋದವು. ಅಲ್ಲಿಂದ ಬಂದು ನೆಲೆಸಿದ್ದ ಎಷ್ಟೋ ಮನೆತನಗಳು ಹೋಗಲಿಲ್ಲ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇರುವ ಕಾಚಿಗುಡದಲ್ಲೇ ಒಲೆ ಹೂಡಿದವು. ಅಂಥ ಮನೆಗಳಲ್ಲಿ ನೆಲವೂ ಕಟ್ಟೆಯೂ ಶಹಾಬಾದಿನ ಕಲ್ಲು, ತಪ್ಪಿದರೆ ತಾಂಡೂರಿನದು. ಎರಡೂ ಸುಣ್ಣದ ಕಲ್ಲೇ. 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲುದಾರಿ ತಾಂಡೂರನ್ನು ಹಾದೇ ಬರುವುದರಿಂದ ಕಲ್ಲು ತರಿಸುವುದು ಕಷ್ಟವಿರಲಿಲ್ಲ. ಈ ಕಲ್ಲು ಎಷ್ಟು ತಿಕ್ಕಿದರೂ ತಾಳಿಕೊಳ್ಳುತ್ತದೆ, ಹುಳಿಯೊಂದು ಮಾತ್ರ ಆಗದು. ನಿಂಬೆರಸ ಬಿದ್ದಲ್ಲಿ ಸುಣ್ಣ ಕರಗಿ ಮಾಸದ ಕಲೆ ನಿಲ್ಲುತ್ತದೆ. ಹಾಗಾಗಿ "ನಿಂಬಿಹಣ್ಣು ತಾಟಿನಾಗ ಇಟ್ಟು ಹೆಚ್ಚು" ಎಂಬುದು ಅತ್ತೆಯ ಮೊದಲ ಕಾನೂನು. ಗ್ರಾನೈಟ್ ಬಂದ ಮೇಲೆ ಕಾನೂನು ಸಡಿಲವಾಯಿತು. ಆಮೇಲೆ ಮೊಮ್ಮಗ ಗಚ್ಚಿಬೌಲಿಯಲ್ಲಿ ಲಕ್ಷಗಟ್ಟಲೆ ಸುರಿದು ಇಟಾಲಿಯನ್ ಮಾರ್ಬಲ್ ಹಾಸಿಸಿದ. ಅಮೃತಶಿಲೆ ಎಂದರೂ ಭೂಮಿಯೊಳಗೆ ಕಾದು ಒತ್ತಡಕ್ಕೆ ಸಿಕ್ಕ ಸುಣ್ಣದ ಕಲ್ಲೇ ತಾನೆ! ಕಾನೂನು ಮತ್ತೆ ಜಾರಿಯಾಯಿತು.

ಹೊಸ ಅಡುಗೆಮನೆಯ ನಿಜವಾದ ಪರೀಕ್ಷೆ ಬೇಸಿಗೆಯಲ್ಲಿ. ಮೇ ತಿಂಗಳೆಂದರೆ ಊರಿಗೆ ಊರೇ ಆವಕಾಯಿಯ ಗುಂಗಿನಲ್ಲಿರುತ್ತದೆ. ಮಾರುಕಟ್ಟೆಯಲ್ಲೇ ಭಾರದ ಕತ್ತಿ ಹಿಡಿದು ಕೂತವರು ಮಾವಿನಕಾಯಿಯನ್ನು ಓಟೆಸಮೇತ ಹೋಳು ಮಾಡಿ ಕೊಡುತ್ತಾರೆ. ಹೋಳು ಮನೆಗೆ ಬಂದ ಮೇಲೆ ಜಾಡಿ ಬೇಕು. ಜಾಡಿ ಮೊಣಕಾಲೆತ್ತರ, ಡ್ರಾಯರು ಗೇಣೆತ್ತರ.

"ಅತ್ತಿ, ಸಣ್ಣ ಸಣ್ಣ ಬಾಟ್ಲಿಗೆ ಹಾಕೋಣೇನ್ರಿ?"

"ಹಾಕವ್ವಾ. ಬೂಷ್ಟು ಬಂದಮ್ಯಾಲ ನನ್ನ ಕರಿ."

ಅತ್ತೆಯ ವಾದದಲ್ಲಿ ವಿಜ್ಞಾನವಿದೆ. ಪಿಂಗಾಣಿಗೆ ಉಪ್ಪು ಹುಳಿಗಳ ಭಯವಿಲ್ಲ. ಮೇಲೆ ಎಣ್ಣೆ ನಿಂತಿದ್ದರೆ ಹೋಳಿಗೆ ಗಾಳಿ ತಾಗುವುದಿಲ್ಲ. ದೊಡ್ಡ ಜಾಡಿ ಕಟ್ಟಿಟ್ಟು ವಾರಕ್ಕಾಗುವಷ್ಟನ್ನೇ ಹೊರಗೆ ತೆಗೆದರೆ ಒದ್ದೆ ಚಮಚದ ಕಾಟವೂ ಇಲ್ಲ. ಕೊನೆಗೆ ಬೆಳ್ಳುಳ್ಳಿ ಹಾಕಿದ ಜಾಡಿ ಊಟದ ಮೇಜಿನ ಅಡಿಗೆ ಹೋಯಿತು, ಹಾಕದ್ದು ದೇವರ ಕೋಣೆಗೆ. ಸದ್ದಿಲ್ಲದೆ ತಾನೇ ಮುಚ್ಚಿಕೊಳ್ಳುವ, ಅಳತೆ ಕೊಟ್ಟು ಮಾಡಿಸಿದ ಡ್ರಾಯರುಗಳಲ್ಲಿ ಈಗ ಕ್ಯಾರಿಬ್ಯಾಗುಗಳು ಸುಖವಾಗಿವೆ.

ಬೇಳೆಯ ವಿಷಯಕ್ಕೆ ಬಂದರೆ ಗಡಿವಿವಾದ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂತು, ತಾಂಡೂರಿನ ತೊಗರಿಗೆ 2022ರಲ್ಲಿ. ತವರಿನಿಂದ ಒಂದು ಚೀಲ, ಬೀಗರಿಂದ ಒಂದು. ಹುಳಕ್ಕೆ ಮಾತ್ರ ಭೂಗೋಳ ತಿಳಿಯದು, ಎರಡನ್ನೂ ಸಮನಾಗಿ ಪ್ರೀತಿಸುತ್ತದೆ. ಬಿಸಿಲಿಗೆ ಒಣಗಿಸಿ, ಚೂರು ಹರಳೆಣ್ಣೆ ಸವರಿ, ಬೇವಿನೆಲೆ ಹಾಕಿ ತಗಡಿನ ಡಬ್ಬಿಯಲ್ಲಿಟ್ಟರೆ ವರ್ಷ ದೂಡಬಹುದು. ಸೊಸೆ ಕೊಂಡ ಪಾರದರ್ಶಕ ಡಬ್ಬಿಗಳ ಲಾಭವೆಂದರೆ ಹುಳವನ್ನು ಮುಚ್ಚಳ ತೆಗೆಯದೆಯೇ ನೋಡಬಹುದು. ಅವುಗಳಿಗೆ ಅಂಟಿಸಿದ ಚೀಟಿಗಳನ್ನೂ ಯಾರೂ ನಂಬುವುದಿಲ್ಲ. 'ಓಟ್ಸ್' ಎಂದು ಬರೆದಲ್ಲಿ ಸೇಂಗಾ ಇದೆ ಎಂಬುದು ಎಲ್ಲರಿಗೂ ಗೊತ್ತು.

ಈಚೆಗೆ ಮೊಮ್ಮಗಳಿಗೆ ಹಿತ್ತಾಳೆಯ ಹುಚ್ಚು ಹತ್ತಿದೆ. ಅತ್ತೆ ಸ್ಟೀಲಿನ ಆಸೆಗೆ ಒಂದೊಂದಾಗಿ ಹಾಕಿ ಕಳೆದ ಪಾತ್ರೆಗಳನ್ನೇ ಆಕೆ ಬೇಗಂ ಬಜಾರಿನಲ್ಲಿ ತೂಕದ ಮೇಲೆ ಕೊಂಡು ತರುತ್ತಾಳೆ. ಕಲಾಯಿ ಹಾಕಿಸಬೇಕು ಎಂಬುದು ನೆನಪಾಗುವುದು ಸಾರು ಕಿಲುಬು ಹತ್ತಿದ ಮೇಲೆ. ಪಾತ್ರೆ ಕಾಸಿ, ನವಸಾಗರ ಉದುರಿಸಿ, ತವರ ಸವರಿ, ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತದೆ. ಆದರೆ ತವರ 232 ಡಿಗ್ರಿಗೇ ಕರಗುವಂಥದ್ದು. ಖಾಲಿ ಪಾತ್ರೆ ಒಲೆಯ ಮೇಲಿಟ್ಟು ಫೋನ್ ನೋಡುತ್ತ ನಿಂತರೆ ಮತ್ತೆ ಕಲಾಯಿಗಾರನನ್ನು ಹುಡುಕಬೇಕು. ಇಂಡಕ್ಷನ್ ಒಲೆಯಾದರೆ ಆ ಅಪಾಯವೇ ಇಲ್ಲ. ಅದು ಹಿತ್ತಾಳೆಯನ್ನು ಗುರುತಿಸುವುದೇ ಇಲ್ಲ.

ಇನ್ನು ಜೋಳದ ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಅದನ್ನು ಬಡಿದೇ ಅಗಲ ಮಾಡಬೇಕು. ನೆಲದ ಮೇಲೆ ಕೂತು ಬಡಿಯುತ್ತಿದ್ದಾಗ ಏಟನ್ನೆಲ್ಲ ಭೂಮಿ ನುಂಗುತ್ತಿತ್ತು. 14.2 ಕಿಲೋ ಗ್ಯಾಸಿನ ಸಿಲಿಂಡರು ಬಂತು, ಒಲೆ ಮೇಲೇರಿತು, ಹೆಂಗಸರು ಎದ್ದು ನಿಂತರು. ಹೊಸ ಮನೆಯ ಕಟ್ಟೆ 34 ಅಂಗುಲ. ಆ ಎತ್ತರಕ್ಕೆ ಅತ್ತೆಯ ಭುಜಕ್ಕೆ ಬಲ ಸಿಗದು. ಅದಕ್ಕೇ ಕೂರುವ ಮಣೆಯ ಮೇಲೆ ಈಗ ನಿಲ್ಲುತ್ತಾರೆ. ಕಟ್ಟೆಯ ಮೇಲೆ ಕಲ್ಲು, ಕೆಳಗೆ ಟೊಳ್ಳು ಕಪಾಟು. ಮೊದಲ ರೊಟ್ಟಿಗೇ ಜಾತ್ರೆಯ ನಗಾರಿಯಂತೆ ಶಬ್ದ ಎದ್ದಿತು. ಇಂಟೀರಿಯರ್ ಕೆಲಸ ಇನ್ನೂ ಎಷ್ಟು ದಿನ ಎಂದು ಕೆಳಗಿನ ಫ್ಲ್ಯಾಟಿನವರು ಆ್ಯಪಿನಲ್ಲಿ ದೂರು ಹಾಕಿದರು. ವಿಚಾರಿಸಲು ಬಂದ ಸೆಕ್ಯುರಿಟಿಯವನು ಮೂಲತಃ ಸೇಡಂ ಕಡೆಯವನಂತೆ. ಎರಡು ಬಿಸಿರೊಟ್ಟಿ, ಎಣ್ಣೆಗಾಯಿ, ಸೇಂಗಾ ಹಿಂಡಿ ಮುಗಿಸಿ, "ಬಡೀರಿ ಯವ್ವಾ, ನಾ ನೋಡ್ಕೋತೀನಿ" ಎಂದು ಇಳಿದುಹೋದ. ಆ್ಯಪಿನಲ್ಲಿ ಆ ದೂರು ಇಂದಿಗೂ 'ಪರಿಶೀಲನೆಯಲ್ಲಿದೆ'.