ಗುಳ್ಳೆ: ಬಳಕೆದಾರರ ಕೈಪಿಡಿ

ಗುಳ್ಳೆಯ ದೂರುಗಳು ಎರಡೇ ಬಗೆ: ಬೇಕಾದ ಕಡೆ ಬಂದಿಲ್ಲ, ಬೇಡದ ಕಡೆ ಬಂದಿದೆ. ನಿಮ್ಮದು ಯಾವುದೆಂದು ಗೊತ್ತಾಗದಿದ್ದರೆ ಮನೆಯ ಹಿರಿಯರಿಗೆ ತೋರಿಸಿ. ತಪ್ಪು ನಿಮ್ಮದೆಂಬುದಾದರೂ ಖಚಿತವಾಗುತ್ತದೆ.

ದೋಸೆ ಹಿಟ್ಟು ಉಬ್ಬಿಲ್ಲವೇ? ಡಿಸೆಂಬರಿನ ಬೆಂಗಳೂರಿನಲ್ಲಿ ಇದು ಕೆಟ್ಟದ್ದಲ್ಲ, ಚಳಿ. ಹಿಟ್ಟಿನೊಳಗಿನ ಬ್ಯಾಕ್ಟೀರಿಯಾ ಬಿಡುವ ಕಾರ್ಬನ್ ಡೈಆಕ್ಸೈಡೇ ಗುಳ್ಳೆ. ಅದು ಹಾರಿಹೋಗದಂತೆ ಹಿಡಿದುಕೊಳ್ಳುವುದು ಉದ್ದಿನ ಲೋಳೆ. ರುಬ್ಬಿದ ಉದ್ದಿನ ಒಂದು ಚಿಟಿಕೆ ನೀರಿಗೆ ಬಿಡಿ. ತೇಲಿದರೆ ರುಬ್ಬಿದ್ದು ಸಾಕು, ಮುಳುಗಿದರೆ ಇನ್ನೂ ಎರಡು ಸುತ್ತು. ಆಮೇಲೆ ಪಾತ್ರೆಗೆ ಬೆಚ್ಚಗೆ ಹೊದಿಸಬೇಕು. ನಮ್ಮಮ್ಮ ಅದಕ್ಕೆ ಅಪ್ಪನ ಮಫ್ಲರ್ ಸುತ್ತುತ್ತಿದ್ದರು. ಬೆಳಗ್ಗೆ ವಾಕಿಂಗ್ ಹೊರಟ ಅಪ್ಪ ಕೇಳಿದರೆ, "ಇನ್ನರ್ಧ ಗಂಟೆ ತಡೀರಿ, ಹುಳಿ ಬರ್ಲಿ" ಎಂಬ ಉತ್ತರ. ಮೇ ತಿಂಗಳಲ್ಲಿ ಇದೇ ಹಿಟ್ಟು ಮುಚ್ಚಳ ಎತ್ತಿ ಕಟ್ಟೆಗಿಳಿಯುತ್ತದೆ. ಆಗ ಈ ಪುಟವನ್ನು ತಲೆಕೆಳಗು ಮಾಡಿ ಓದಿ.

ವಾಷಿಂಗ್ ಮೆಷಿನ್ನಿನ ಬಾಯಲ್ಲಿ ನೊರೆಯೇ? ಮುಂದೆ ಬಾಗಿಲಿರುವ ಮೆಷಿನ್ನಿಗೆ ಬಕೆಟ್ಟಿನಲ್ಲಿ ಬಟ್ಟೆ ನೆನೆಸುವ ಪುಡಿ ಹಾಕಿದ್ದೀರಿ. ನಾನೂ ಹಾಕಿದ್ದೆ, ಅದೂ ಧಾರಾಳವಾಗಿ. ಪುಡಿ ಹಾಕುವ ಗೂಡಿನಿಂದ ನೊರೆ ಹೊರಬಂದು, ನೆಲದ ಮೇಲೆ ನಿಧಾನವಾಗಿ ಅಡುಗೆಮನೆಯ ಕಡೆ ಹೊರಟಿತು. ನೊರೆ ಬಂದರೆ ಕೊಳೆ ಹೋಯಿತೆಂಬುದು ಒಗೆಯುವ ಕಲ್ಲಿನ ಕಾಲದ ನಂಬಿಕೆ. ಇಲ್ಲಿ ನೊರೆ ಬಟ್ಟೆಗಳ ನಡುವೆ ದಿಂಬಿನಂತೆ ಕೂತು, ಅವು ಒಂದಕ್ಕೊಂದು ಬಡಿದುಕೊಳ್ಳದಂತೆ ಕಾಯುತ್ತದೆ. ಪುಡಿಯಿಲ್ಲದೆ ಇನ್ನೆರಡು ಸಲ ಜಾಲಿಸಿ.

ಪಕ್ಕದ ಬಚ್ಚಲಲ್ಲಿ ಮಾತ್ರ ಎಷ್ಟು ಉಜ್ಜಿದರೂ ಸೋಪು ನೊರೆಯುವುದಿಲ್ಲ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡಾಗಿ ಅಂಟಿಸಿರುತ್ತವೆ. ತಲೆಸ್ನಾನವನ್ನು ಕಾವೇರಿ ನೀರು ಬಿಡುವ ದಿನಕ್ಕೆ ಇಟ್ಟುಕೊಳ್ಳಿ.

ಮೊಬೈಲ್ ಗಾಜಿನಡಿಯ ಗುಳ್ಳೆ: ಎಟಿಎಂ ಕಾರ್ಡಿನಿಂದ ಅಂಚಿಗೆ ತಳ್ಳಿ. ಒಳಗೆ ಧೂಳಿನ ಕಣವಿದ್ದರೆ ಹೋಗುವುದಿಲ್ಲ, ನೋಡಿಕೊಂಡಿರಿ. ಗೋಡೆಯ ಬಣ್ಣದಲ್ಲಿ ಗುಳ್ಳೆ: ಚುಚ್ಚಬೇಡಿ, ಮೊದಲು ಮಹಡಿ ಮನೆಯವರ ಬಚ್ಚಲು ಸೋರುತ್ತಿದೆಯೇ ನೋಡಿ.

ಗಾರೆ ಮೇಸ್ತ್ರಿಯ ಲೆವೆಲ್ಲಿನ ಗುಳ್ಳೆಯೊಂದು ಬಾಕಿ. ಇಲ್ಲಿ ಗುಳ್ಳೆ ಒಂದೇ ಇರಬೇಕು, ಗೆರೆಗಳ ನಡುವೆಯೇ ಇರಬೇಕು. ನಮ್ಮ ಅಡುಗೆಕಟ್ಟೆಯ ಮೇಲಿಟ್ಟ ನಿಂಬೆಹಣ್ಣು ಸಿಂಕಿಗೆ ಉರುಳುತ್ತಿತ್ತು. ಮೇಸ್ತ್ರಿ ಲೆವೆಲ್ ಇಟ್ಟು, "ನೋಡಿ ಸಾರ್, ಗುಳ್ಳೆ ಸೆಂಟರ್‌ನಾಗೇ ಐತೆ" ಎಂದ. ಲೆವೆಲ್ ಸರಿಯಿದ್ದರೆ ತುದಿ ಬದಲಿಸಿ ಇಟ್ಟರೂ ಗುಳ್ಳೆ ಅಲ್ಲೇ ನಿಲ್ಲಬೇಕು. ತಿರುಗಿಸಿ ಇಟ್ಟೆ. ಗುಳ್ಳೆ ಗೋಡೆಯ ಕಡೆ ಓಡಿತು. ಮೇಸ್ತ್ರಿ ಅದನ್ನು ಮೆಲ್ಲಗೆ ಮತ್ತೆ ಮೊದಲಿನಂತೆ ಇಟ್ಟು ಹೇಳಿದ:

"ಇದನ್ನ ತಿರುಗಿಸ್ಬಾರ್ದು ಸಾರ್."