ಗೋಸುಂಬೆಗೂ ಬೇಕಂತೆ ಡಿ ವಿಟಮಿನ್ನು

ನಮ್ಮ ಜಯನಗರದಲ್ಲಿ ಅರವತ್ತು ದಾಟಿದವರ ಮನೆಯ ಫ್ರಿಜ್ಜಿನ ಮೇಲೆ ವಾರಕ್ಕೊಮ್ಮೆ ನುಂಗುವ 60,000 ಯೂನಿಟ್ಟಿನ ಡಿ ವಿಟಮಿನ್ ಮಾತ್ರೆ ಇರದಿದ್ದರೆ ಕೇಳಿ. ಹೊರಗೆ ಧಾರಾಳ ಬಿಸಿಲು, ಒಳಗೆ ಮಾತ್ರೆ. ಹಾಗಾಗಿ ಪಕ್ಕದ ಮನೆ ರಾಯರು ಕಾಂಪೌಂಡ್ ಗೋಡೆಗೆ ಮೊಣಕೈ ಊರಿ, "ಇವ್ರೇ, ನಮ್ಮ ಮೊಮ್ಮಗ ಗೋಸುಂಬೆ ಸಾಕ್ತಾನಂತೆ. ಅದಕ್ಕೆ ಬಿಸಿಲು ಕೊಂಡ್ಕೊಂಡು ಬರ್ಬೇಕು, ದುಡ್ಡು ಕೊಡು ತಾತ ಅಂತಾನೆ" ಅಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

"ಯಾವ ಗೋಸುಂಬೆ ರಾಯ್ರೇ? ನಮ್ದೋ, ಫಾರಿನ್ನೋ?"

ಮೊದಲು ಕೇಳಬೇಕಾದ್ದು ಇದನ್ನೇ. ಬನ್ನೇರುಘಟ್ಟದ ಕಡೆ ಕುರುಚಲಲ್ಲಿ ಓಲಾಡಿಕೊಂಡು ನಡೆಯುವ ನಮ್ಮ ಊರಿನ ಗೋಸುಂಬೆಯನ್ನು ಹಿಡಿದು ತಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಯೆಮನ್ನಿನ ತಲೆಗೊಂಬಿನ ಗೋಸುಂಬೆಯೋ ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯೋ ಆದರೆ, 2024ರಲ್ಲಿ ಬಂದ ನಿಯಮದಂತೆ 'ಪರಿವೇಶ್' ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಕೊಡದೆ "ಇರ್ಲಿ ಸಾರ್, ಯಾರು ಕೇಳ್ತಾರೆ" ಅನ್ನುವವನ ಹತ್ತಿರ ಕೊಳ್ಳಲೇಬಾರದು. ರಾಯರ ಮೊಮ್ಮಗನದು ಯೆಮನ್ನಿನದಂತೆ, ಕಾಗದವೂ ಇದೆಯಂತೆ. ಸರಿ, ಇನ್ನು ದೀಪದ ವಿಚಾರ.

"ಒಂದು ಬಲ್ಬು ಸಾಲ್ದೇನ್ರೀ? ಕೋಳಿಮರಿಗೆ ಹಾಕ್ತಾರಲ್ಲ, ಹಂಗೆ?"

ಸಾಲದು. ನಮ್ಮ ಸೂರ್ಯ ಎರಡು ಕೆಲಸ ಒಟ್ಟಿಗೆ ಮಾಡುತ್ತಾನೆ: ಕಾಯಿಸುತ್ತಾನೆ, ಜೊತೆಗೆ ಕಣ್ಣಿಗೆ ಕಾಣದ ಯುವಿ-ಬಿ ಕಿರಣವನ್ನೂ ಸುರಿಯುತ್ತಾನೆ. ಅಂಗಡಿಯಲ್ಲಿ ಇವೆರಡೂ ಬೇರೆಬೇರೆ ಸಾಮಾನು. ಕಾಯಿಸುವುದಕ್ಕೆ ಹಳೇ ಬುರುಡೆ ಬಲ್ಬೋ ಹ್ಯಾಲೊಜನ್ನೋ ಸಾಕು. ಎಲ್ಲರೂ ಎಲ್‌ಇಡಿಗೆ ಹೋದಮೇಲೆ ಬುರುಡೆ ಬಲ್ಬು ಹುಡುಕಿಕೊಂಡು ಬಿ.ವಿ.ಕೆ. ಐಯ್ಯಂಗಾರ್ ರಸ್ತೆಗೆ ಹೋಗಬೇಕಾದೀತು, ಅಷ್ಟೆ. ಯುವಿ-ಬಿಗೆ ಮಾತ್ರ ಅದಕ್ಕೆಂದೇ ಮಾಡಿದ ಉದ್ದನೆಯ ಟಿ5 ಟ್ಯೂಬ್‌ಲೈಟ್ ಬೇಕು. ಡಬ್ಬಿಯ ಮೇಲೆ 5.0 ಅಂತಲೋ 6 ಪರ್ಸೆಂಟ್ ಅಂತಲೋ ಬರೆದಿರುತ್ತದೆ. ಮನೆಯ ಎಲ್‌ಇಡಿ ಎಷ್ಟೇ ಬೆಳ್ಳಗೆ ಬೆಳಗಿದರೂ ಅದರಲ್ಲಿ ಯುವಿ-ಬಿ ಇಲ್ಲ.

ಆ ಕಿರಣ ಬೀಳದಿದ್ದರೆ ಚರ್ಮದಲ್ಲಿ ಡಿ3 ತಯಾರಾಗುವುದಿಲ್ಲ. ಡಿ3 ಇಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಮಿಡತೆಗೆ ಕ್ಯಾಲ್ಸಿಯಂ ಪುಡಿ ಸವರಿ ಎಷ್ಟು ತಿನ್ನಿಸಿದರೂ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ, ದವಡೆ ಬಾಗುತ್ತದೆ, ಮೈಯುದ್ದದ ಎರಡರಷ್ಟು ದೂರ ಚಿಮ್ಮಬೇಕಾದ ನಾಲಿಗೆ ಬಾಯಿಂದ ಹೊರಗೇ ಬರದಂತಾಗುತ್ತದೆ.

"ಅಂದ್ರೆ ನನ್ನ ಮಂಡಿನೋವಿನ ಕಥೇನೇ ಅನ್ನಿ" ಅಂದರು ರಾಯರು. ಹೆಚ್ಚುಕಡಿಮೆ ಅದೇ. "ಹಂಗಾದ್ರೆ ಗಾಜಿನ ಕಿಟಕಿ ಪಕ್ಕ ಇಟ್ರಾಯ್ತು, ಬಿಟ್ಟಿ ಬಿಸಿಲು!" ಅಂತ ಒಂದು ಉಪಾಯವನ್ನೂ ಹೇಳಿದರು. ಆದರೆ ಕಿಟಕಿಯ ಗಾಜು ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆದು ಬಿಸಿಯನ್ನಷ್ಟೇ ಒಳಗೆ ಬಿಡುತ್ತದೆ. ಪೇಪರ್ ಹಿಡಿದು ಕಿಟಕಿಯ ಪಕ್ಕ ಕೂತು ಬಿಸಿಲು ಕಾಯಿಸುವ ನಮ್ಮಂಥವರಿಗೂ ಸಿಗುವುದು ಬೆವರು ಮಾತ್ರ. ಪಂಜರವೂ ಗಾಜಿನದಾಗಬಾರದು, ಗಾಳಿಯಾಡುವ ಜಾಲರಿಯದಿರಬೇಕು. ಜಾಲರಿ ತೀರಾ ದಟ್ಟವಾಗಿದ್ದರೆ ಅದೂ ಒಂದಿಷ್ಟು ಕಿರಣ ತಿನ್ನುತ್ತದೆ, ಅದನ್ನು ಲೆಕ್ಕಕ್ಕಿಟ್ಟುಕೊಂಡು ಟ್ಯೂಬಿಗೂ ಮೇಲಿನ ಕೊಂಬೆಗೂ ಸುಮಾರು 20ರಿಂದ 25 ಸೆಂಟಿಮೀಟರ್ ಬಿಡಬೇಕು. ಎಲೆಗಿಡ ದಂಡಿಯಾಗಿರಲಿ. ಬಿಸಿಲು ಸಾಕೆನಿಸಿದಾಗ ಗೋಸುಂಬೆ ಎಲೆಮರೆಗೆ ಸರಿದುಕೊಳ್ಳುತ್ತದೆ.

ಕಾಯುವ ಕೊಂಬೆಯ ಮೇಲೆ 29ರಿಂದ 32 ಡಿಗ್ರಿ, ಕೆಳಗೆಲ್ಲ ತಂಪು. ಅಳೆಯುವಾಗ ಥರ್ಮಾಮೀಟರನ್ನು ಕೊಂಬೆಗೆ ಕಟ್ಟಿದರೆ ಸಾಲದು, ಅದರ ತಲೆಗೊಂಬು ಎಷ್ಟು ಎತ್ತರಕ್ಕೆ ಬರುತ್ತದೋ ಅಲ್ಲಿ ಹಿಡಿದು ನೋಡಬೇಕು, ಮೊದಲು ಸುಡುವುದೇ ಆ ಭಾಗ. ಬಣ್ಣ ನೋಡಿದರೂ ಗೊತ್ತಾಗುತ್ತದೆ. ಬೆಳಗಿನ ಚಳಿಗೆ ಶಾಖ ಹೀರಲೆಂದು ಮೈ ಕಪ್ಪು ಮಾಡಿಕೊಂಡು ಅಡ್ಡಕ್ಕೆ ಅಗಲವಾಗಿ ನಿಲ್ಲುತ್ತದೆ. ಸೆಕೆಯಾದರೆ ಬೆಳ್ಳಗಾಗಿ ಬಾಯಿ ತೆರೆಯುತ್ತದೆ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಗೋಸುಂಬೆಯ ಚರ್ಮದೊಳಗಿನ ಅತಿಸಣ್ಣ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಬಣ್ಣ ಬದಲಾಗುತ್ತದೆಂದು ತೋರಿಸಿಕೊಟ್ಟರು. ಚಳಿ, ಸಿಟ್ಟು, ಸಂಗಾತಿ, ಇವು ಅದರ ಕಾರಣಗಳು. ಮಂತ್ರಿ ಪದವಿಗಾಗಿ ಬಣ್ಣ ಬದಲಿಸಿದ ಗೋಸುಂಬೆಯನ್ನು ನಾನಂತೂ ಕಂಡಿಲ್ಲ.

ಇನ್ನು ರಾತ್ರಿ. ಮೊಮ್ಮಗನ ಪಟ್ಟಿಯಲ್ಲಿ ಕೆಂಪು ಬಲ್ಬು, ನೂರು ವಾಟಿನ ಸಿರಾಮಿಕ್ ಹೀಟರ್, ಕಾಯುವ ಕಲ್ಲು ಎಲ್ಲ ಇತ್ತು. ಮೂರಕ್ಕೂ ಅಡ್ಡಗೆರೆ ಎಳೆಸಿದೆ. ಇವೆಲ್ಲ ಹಿಮ ಬೀಳುವ ಊರಿನವರ ಪಟ್ಟಿ ಸ್ವಾಮಿ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ ನಿಜ, 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದ ದಾಖಲೆಯೂ ಇದೆ. ಆದರೆ ಈಗ ಡಿಸೆಂಬರ್ ರಾತ್ರಿ ಹೊರಗೆ ಸಾಮಾನ್ಯವಾಗಿ 15, 16 ಇರುತ್ತದೆ, ಬಾಗಿಲು ಹಾಕಿದ ಮನೆಯೊಳಗೆ ಅಷ್ಟೂ ಇಳಿಯುವುದಿಲ್ಲ. 18ರ ಆಸುಪಾಸಿನ ರಾತ್ರಿ ಆರೋಗ್ಯವಾಗಿರುವ ಯೆಮನ್ ಗೋಸುಂಬೆಗೆ ಒಳ್ಳೆಯದೇ. ಕೆಂಪು ದೀಪ ಉರಿಸಿದರೆ ಪಾಪ ಅದಕ್ಕೆ ನಿದ್ದೆಗೇಡು. ನಮ್ಮಲ್ಲಿ ಭಯಪಡಬೇಕಾದ್ದು ಏಪ್ರಿಲ್‌ಗೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತಲ್ಲ, ಅಂಥ ದಿನ ಮಧ್ಯಾಹ್ನ ಬುರುಡೆ ಬಲ್ಬನ್ನು ಆರಿಸಲೇಬೇಕು, ಎಲೆಗಳ ಮೇಲೆ ನೀರು ಚಿಮುಕಿಸಬೇಕು. ಎಲೆಯ ಮೇಲಿನ ಹನಿಯನ್ನೇ ಅದು ನೆಕ್ಕಿ ಕುಡಿಯುವುದು, ಬಟ್ಟಲಿನ ನೀರಿನ ಕಡೆ ತಿರುಗಿಯೂ ನೋಡುವುದಿಲ್ಲ.

"ಕರೆಂಟ್ ಬಿಲ್ಲು?" ರಾಯರ ನಿಜವಾದ ಚಿಂತೆ ಅದೇ. 24 ವಾಟಿನ ಟ್ಯೂಬು ದಿನಕ್ಕೆ 12 ಗಂಟೆ, 50 ವಾಟಿನ ಬಲ್ಬು 8 ಗಂಟೆ. ತಿಂಗಳಿಗೆ ಇಪ್ಪತ್ತು ಯೂನಿಟ್ ಚಿಲ್ಲರೆ. ಬೇಡವೆಂದ ಸಿರಾಮಿಕ್ ಹೀಟರ್ ರಾತ್ರಿ ಹತ್ತು ಗಂಟೆ ಉರಿದಿದ್ದರೆ ಅದೊಂದೇ 30 ಯೂನಿಟ್. ಪುಕ್ಕಟೆ ಕರೆಂಟಿನ ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ತಾನೆ ಕೊಟ್ಟಿರುವುದು? ಅದನ್ನು ಮಾಡಿದವರ ಲೆಕ್ಕದಲ್ಲಿ ಗೋಸುಂಬೆ ಇರಲಿಲ್ಲ.

ಕೊನೆಗೊಂದು ಮಾತು, ಇದನ್ನು ಮಾತ್ರ ಮರೀಬೇಡಿ ಅಂತ ರಾಯರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಯುವಿ ಟ್ಯೂಬು ಬೆಳಗುತ್ತಿದ್ದ ಮಾತ್ರಕ್ಕೆ ಕಿರಣ ಬರುತ್ತಿದೆ ಅಂತಲ್ಲ; ಬೆಳಕು ಹಾಗೇ ಇದ್ದು ಯುವಿ-ಬಿ ಸದ್ದಿಲ್ಲದೆ ಕುಸಿದಿರುತ್ತದೆ. ಹಾಕಿದ ತಾರೀಖನ್ನು ಟ್ಯೂಬಿನ ಪಟ್ಟಿಯ ಮೇಲೇ ಬರೆದಿಡಿ, ವರ್ಷ ತುಂಬುವುದರೊಳಗೆ ಬದಲಿಸಿ.