ಹುಣಸೆ ಹಿಪ್ಪೆ ಮೀಮಾಂಸೆ: ಹೆಡತಲೆಯ ಅಳಿಯಂದಿರ ಚೊಂಬುಗಳನ್ನು ಕುರಿತು

ಹೊಯ್ಸಳರ ಗುಡಿ, ಯುದ್ಧ, ವಂಶಾವಳಿಗಳ ಮೇಲೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಅವರ ಚೊಂಬುಗಳನ್ನು ಯಾರು, ಯಾವುದರಿಂದ ತಿಕ್ಕಿದರು ಎಂಬ ಮೂಲಭೂತ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಂಡಿಲ್ಲ. (ಕೈಗೆತ್ತಿಕೊಂಡವರು ಬರೆಯಲಿಲ್ಲ, ಕೈ ಒದ್ದೆಯಿತ್ತು.)

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ, ಹದಿನಾರು ಮುಖದ ಚಾವಡಿಯಿದೆ. ಚಾವಡಿ ದಂಡನಾಯಕನೊಬ್ಬನ 16 ಅಳಿಯಂದಿರಿಗಾಗಿ ಎದ್ದದ್ದೆಂದು ಪ್ರತೀತಿ. ಇತಿಹಾಸಕಾರರು ಇಲ್ಲಿಗೆ ನಿಲ್ಲುತ್ತಾರೆ; ನಾವು ನಿಲ್ಲುವುದಿಲ್ಲ. ಅಳಿಯ ಬಂದರೆ ಕಾಲಿಗೊಂದು ಚೊಂಬು, ಕುಡಿಯಲೊಂದು, ಒಟ್ಟು 32. ಕಿಲುಬು ಹಿಡಿದ ಚೊಂಬನ್ನು ಅಳಿಯನ ಮುಂದಿಡುವ ಅತ್ತೆ ಈ ಸೀಮೆಯಲ್ಲಿ ಹುಟ್ಟಿಲ್ಲ. ಆದ್ದರಿಂದ ಹಬ್ಬದ ಹಿಂದಿನ ದಿನ ಮೂವತ್ತೆರಡಕ್ಕೂ ಹುಣಸೆಹಣ್ಣು ಬಿದ್ದಿರಲೇಬೇಕು ಎಂದು ಸಿದ್ಧವಾಯಿತು.

ಶಾಸನಾಧಾರ ಕೇಳುವವರಿಗೆ ಉತ್ತರವಿದೆ. ಬಿ.ಎಲ್. ರೈಸ್ ಅವರು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು 1894ರ ಎಪಿಗ್ರಾಫಿಯ ಕರ್ನಾಟಿಕ 3ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಂದಾದೀಪಕ್ಕೆ ದತ್ತಿ ಬಿಟ್ಟವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ದೀಪದ ಜಿಡ್ಡು ಬಿಡಿಸಿದವರು ತಮ್ಮ ಉಗುರಿನ ಕಪ್ಪಿನಲ್ಲೇ ದಾಖಲಾಗುತ್ತಾರೆ. ಅದರ ಪಡಿಯಚ್ಚು ತೆಗೆಯುವ ಪದ್ಧತಿ ಇನ್ನೂ ಬಂದಿಲ್ಲ.

ಇನ್ನು ಪ್ರಯೋಗ. ಸಾರಿಗೆ ಕಿವುಚಿ ಉಳಿದ ಹಿಪ್ಪೆ, ಅಷ್ಟು ಕಲ್ಲುಪ್ಪು, ತೆಂಗಿನ ನಾರು, ಹಿತ್ತಲಿನ ಒಗೆಯುವ ಕಲ್ಲು. ಮೊದಲು ಬೆರಳಿನಿಂದ ಸುಮ್ಮನೆ ಸವರಬೇಕು. ಕಂದು ಹಿಡಿದ ಚೊಂಬಿನ ಮೇಲೆ ಬೆರಳು ಹೋದ ದಾರಿಯಲ್ಲೇ ಹೊಳೆಯುವ ಪಟ್ಟೆ ಏಳುತ್ತದೆ, ಹಿಪ್ಪೆ ಕಪ್ಪಗಾಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪಿನ ಕ್ಲೋರೈಡ್ ಕೈಜೋಡಿಸುತ್ತದೆ. ಹಚ್ಚಿ ಮರೆತರೆ ಹಿತ್ತಾಳೆಯ ಸತುವೂ ಹೋಗಿ ಚೊಂಬು ಕೆಂಪಗಾಗುತ್ತದೆ, ಮೇಲ್ವಿಚಾರಕಿಯ ಮುಖವೂ. ತೊಳೆದು ಒಣಬಟ್ಟೆಯಲ್ಲಿ ಒರೆಸದಿದ್ದರೆ ನೀರಿನ ಕಲೆ ಕೂರುತ್ತದೆ. ಇದೇ ಹುಳಿ ಕಲಾಯಿ ಇಲ್ಲದ ಪಾತ್ರೆಯೊಳಗೆ ಸಾರಾಗಿ ಕೂತರೆ ತಾಮ್ರವನ್ನು ಕರಗಿಸಿ ಊಟಕ್ಕೇ ಬಡಿಸುತ್ತದೆ. ಹೊರಗೆ ಔಷಧ, ಒಳಗೆ ವಿಷ.

ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆಯನ್ನು ರಸಿಕರು ಬೇರೆ ಅರ್ಥದಲ್ಲಿ ಬಳಸಿ ಕೆಡಿಸಿದ್ದಾರೆ. ಅದು ಶುದ್ಧ ರಸಾಯನಶಾಸ್ತ್ರ. ಭರಣಿಯ ತಳದಲ್ಲಿ ಕಪ್ಪಿಟ್ಟ ಹಳೇ ಹುಣಸೆ ಸಾರಿಗೆ ಬೇಡವಾದರೂ ದೀಪಾಲೆ ಕಂಬಕ್ಕೆ ಸಾಕು.

ಬೆಳ್ಳಿ ಮಾತ್ರ ಈ ಶಾಸ್ತ್ರಕ್ಕೆ ಅಪವಾದ. ಅದರ ಕಪ್ಪು ಗಂಧಕದ್ದು, ಹುಳಿಗೆ ಜಗ್ಗುವುದಿಲ್ಲ. ಅಲ್ಲಿ ಹಲ್ಲುಪುಡಿ ಪ್ರವೇಶಿಸುತ್ತದೆ. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದದ್ದು ಮನುಷ್ಯರ ಹಲ್ಲಿಗಾಗಿಯೂ ಇರಬಹುದು. ಕುಂಕುಮದ ಬಟ್ಟಲುಗಳ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಪೂರ್ವಪಕ್ಷ: ಅಂಗಡಿಯಲ್ಲಿ ಪೀತಾಂಬರಿ ಪುಡಿ ಸಿಗುವಾಗ ಇದೆಲ್ಲ ಯಾಕೆ? ಉತ್ತರ: ಪುಡಿಗೆ ದುಡ್ಡು ಕೊಡಬೇಕು. ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆಯೇ ಜಟಿಲ. ಮೊದಲ ಕಿವುಚು ಸಾರಿಗೋ ದೀಪಕ್ಕೋ? ಸಾರಿನ ಪಂಥ (ಬಹುಪಾಲು ಗಂಡಸರು) ಹಿಪ್ಪೆ ಮಾತ್ರ ಚೊಂಬಿಗೆ ಸಲ್ಲುತ್ತದೆ ಎನ್ನುತ್ತದೆ. ಆದರೆ ಗೌರಿಹಬ್ಬದ ಹಿಂದಿನ ರಾತ್ರಿಯ ಸಾರು ಈ ವಾದಕ್ಕೆ ವಿರುದ್ಧ ಸಾಕ್ಷಿ ನುಡಿಯುತ್ತದೆ. ಪಂಥದ ಹಿರಿಯರೊಬ್ಬರು ತಟ್ಟೆಯ ಮುಂದೆ ಕೂತು “ಹುಳಿ ಕಮ್ಮಿಯಾಯ್ತು ಕಣೇ” ಎಂದಾಗ ಹಿತ್ತಲಿನಿಂದ ಬಂದ ಭಾಷ್ಯ: “ಚೊಂಬು ನೆಕ್ಕಿ, ಸಿಕ್ತದೆ.”